ಕೀಲಿ ಮಾಡಿದವನ ಕೈಗೆ ಕೀಲಿಕೈ ಯಾಕಿಲ್ಲ?

ಕಂಪ್ಯೂಟರಿನ ಮಾತೆಂದರೆ ಬೆಂಗಳೂರಿನವರ ಮಾತು. ಗಿರಣಿಯಲ್ಲಿ ಹತ್ತಿ ಹಾಯಿಸುವವನಿಗೂ ರಾಜೇಂದ್ರ ಗಂಜಿನಲ್ಲಿ ತಕ್ಕಡಿ ಹಿಡಿಯುವವನಿಗೂ ಅದರ ಗೊಡವೆ ಯಾತಕ್ಕೆ ಎಂದು ಕೇಳುವ ಮಹನೀಯರು ನಮ್ಮ ಊರಲ್ಲಿ ಇನ್ನೂ ಇದ್ದಾರೆ. ಅವರಿಗೆ ನಮ್ಮದು ಒಂದೇ ಪ್ರಶ್ನೆ. ಗಿರಣಿಯ ಕೆಲಸ ಬಿಟ್ಟ ಕಾಮಗಾರನು ತನ್ನ ಭವಿಷ್ಯ ನಿಧಿಯ ರೊಕ್ಕ ತೆಗೆಯಬೇಕಾದರೆ ಈಗ ಯಾವ ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತಾನೆ? ಯಾವ ಕಚೇರಿಯೂ ಇಲ್ಲ, ಇಂಟರ್ನೆಟ್ ಸೆಂಟರಿನ ಮುಂದೆ ನಿಲ್ಲುತ್ತಾನೆ. ಅಲ್ಲಿ ಕುಳಿತ ಹುಡುಗನಿಗೆ ತನ್ನ ಯುಎಎನ್ ನಂಬರು ಹೇಳುತ್ತಾನೆ, ಪಾಸ್‌ವರ್ಡ್ ಹೇಳುತ್ತಾನೆ, ಆಧಾರ್ ನಂಬರು ಹೇಳುತ್ತಾನೆ, ಮೊಬೈಲಿಗೆ ಬಂದ ಓಟಿಪಿಯನ್ನು ನಾಲ್ಕು ಜನ ಕೇಳುವ ಹಾಗೆ ಓದಿ ಹೇಳುತ್ತಾನೆ. ಕಿರಾಣಿ ಅಂಗಡಿಯ ಶೆಟ್ಟರು ತಿಂಗಳು ತಿಂಗಳು ಜಿಎಸ್‌ಟಿ ಲೆಕ್ಕ ತುಂಬಿಸುವುದೂ, ಅಡತಿ ಅಂಗಡಿಯವರು ಬ್ಯಾಂಕಿನ ಲೆಕ್ಕ ನೋಡುವುದೂ ಇಂಥದೇ ಗಣಕದ ಮುಂದೆ. ಇಷ್ಟೆಲ್ಲ ಹಾದುಹೋಗುವ ಬಾಗಿಲಿನ ಕೀಲಿ ಗಟ್ಟಿಯಿದೆಯೋ ಇಲ್ಲವೋ ಎಂದು ಕೇಳುವುದು ನಮ್ಮ ಕೆಲಸವಲ್ಲವೆಂದರೆ ಮತ್ತೆ ಯಾರ ಕೆಲಸ?

ಆ ಬಾಗಿಲಿಗೆ ಬ್ರೌಸರ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಂಬವೆಲ್ಲ ಇದೇ ಜಾತಿಯವು. ಸೆಂಟರಿನ ಗಣಕದ ತೆರೆಯ ಮೇಲುಗಡೆ ಬಲ ಮೂಲೆಯಲ್ಲಿ ಸಣ್ಣ ಸಣ್ಣ ಚಿತ್ರಗಳ ಸಾಲೊಂದು ಇರುತ್ತದೆ. ಕೆಲವು ಕಡೆ ನಾಲ್ಕು, ಕೆಲವು ಕಡೆ ಹನ್ನೆರಡು. ಅವು ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿನ ಬಾಗಿಲಿಗೆ ಹೊರಗಿನವರು ಮಾಡಿ ಹಚ್ಚಿದ ಪುಟ್ಟ ಯಂತ್ರಗಳು. ಒಂದು ಜಾಹೀರಾತು ತಡೆಯುತ್ತದೆ, ಒಂದು ಪಾಸ್‌ವರ್ಡ್ ನೆನಪಿಡುತ್ತದೆ, ಒಂದು ಇಂಗ್ಲಿಷ್ ಪುಟವನ್ನು ಕನ್ನಡ ಮಾಡುತ್ತದೆ, ಇನ್ನೊಂದು ಫೋಟೊದ ಅಳತೆ ಇಳಿಸುತ್ತದೆ. ಉಪಯೋಗದವೇ. ಆದರೆ ಹಚ್ಚುವ ಹೊತ್ತಿನಲ್ಲಿ ಅದು ಒಂದು ಪರವಾನಗಿ ಕೇಳುತ್ತದೆ. ಬಹಳಷ್ಟು ಸಲ ಆ ಪರವಾನಗಿಯ ಅರ್ಥ ಹೀಗಿರುತ್ತದೆ: ನೀವು ತೆರೆಯುವ ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಬಹುದು, ಬದಲಿಸಲೂಬಹುದು. ಸೆಂಟರಿನ ಹುಡುಗ ಅದನ್ನು ಓದುವುದಿಲ್ಲ. ಓದಿದರೂ ಅದು ಇಂಗ್ಲಿಷಿನಲ್ಲಿದೆ. ಸರಿ ಎಂದು ಒತ್ತಿಬಿಡುತ್ತಾನೆ.

ಅಂಗಡಿಯವರೇ, ಇದನ್ನು ನಿಮ್ಮ ವ್ಯವಹಾರದ ಮಾತಿನಲ್ಲಿ ಹೇಳುತ್ತೇವೆ. ಅಂಗಡಿಯ ಕಸ ಹೊಡೆಯಲಿಕ್ಕೆ ಒಬ್ಬ ಆಳು ಬಂದ. ಕೆಲಸಕ್ಕೆ ಸೇರುವ ಮೊದಲೇ ಅವನು ತಿಜೋರಿಯ ಕೀಲಿಕೈ ಕೇಳುತ್ತಾನೆ, ಕಿರ್ದಿ ಪುಸ್ತಕ ಓದಬೇಕೆನ್ನುತ್ತಾನೆ, ಅದರಲ್ಲಿ ಬರೆದದ್ದನ್ನು ಅಳಿಸಿ ತಿದ್ದುವ ಹಕ್ಕೂ ಬೇಕೆನ್ನುತ್ತಾನೆ. ನೀವು ಕೊಡುತ್ತೀರಾ? ಪೊರಕೆ ಕಸಿದುಕೊಂಡು ಕಳಿಸುತ್ತೀರಿ. ಗಣಕದೊಳಗೆ ಮಾತ್ರ ಇಂಥ ಹತ್ತು ಆಳುಗಳು ಹತ್ತು ಕೀಲಿಕೈ ಇಟ್ಟುಕೊಂಡು ಕುಳಿತಿದ್ದಾರೆ, ನಾವು ಅವರ ಮುಖವನ್ನೂ ನೋಡಿಲ್ಲ.

ಈ ಯಂತ್ರಗಳನ್ನು ಮಾಡುವವರು ಯಾರು? ಇಲ್ಲಿಗೆ ಬಂದಾಗ ನಮ್ಮವರು ಎರಡು ತಪ್ಪು ಮಾಡುತ್ತಾರೆ. ಕೆಲವರು ಇಂಜಿನಿಯರನನ್ನು ಮಂತ್ರವಾದಿಯೆಂದು ತಿಳಿದು ಕೈಮುಗಿಯುತ್ತಾರೆ. ಕೆಲವರು ಅವನೇ ಕಳ್ಳನೆಂದು ಬೈಯುತ್ತಾರೆ. ಎರಡೂ ಧಣಿಗಳಿಗೆ ಅನುಕೂಲದ ಮಾತು. ಮಾನ್ವಿ ತಾಲೂಕಿನ ಭತ್ತದ ಗದ್ದೆಯ ಒಬ್ಬ ರೈತನ ಮಗ ಇಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋಗಿ ಈ ಕೆಲಸಕ್ಕೆ ಸೇರಿದ್ದಾನೆಂದು ಇಟ್ಟುಕೊಳ್ಳಿ. ಅವನು ಕುಳಿತಿರುವುದು ತಂಪು ಗಾಳಿಯ ಕೋಣೆ ನಿಜ. ಕೈಗೆ ಎಣ್ಣೆ ಮೆತ್ತುವುದಿಲ್ಲ, ಮೂಗಿಗೆ ಹತ್ತಿಯ ಧೂಳು ಹೋಗುವುದಿಲ್ಲ. ಆದರೆ ದೊಡ್ಡ ದೊಡ್ಡ ಐಟಿ ಕಂಪನಿಗಳು ಹೊಸ ಹುಡುಗರಿಗೆ ವರ್ಷಕ್ಕೆ ಕೊಡುವ ಸಂಬಳ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷಕ್ಕೂ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ತಿಂಗಳಿಗೆ ಮೂವತ್ತು ಸಾವಿರದ ಒಳಗೆ. ಅದರಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಊರಿಗೆ ಕಳಿಸುವ ರೊಕ್ಕ, ಓದಿದ ಸಾಲದ ಕಂತು. 'ಲಕ್ಷ ಲಕ್ಷ ಎಣಿಸುತ್ತಾನೆ' ಎಂಬ ಮಾತು ಮದುವೆ ದಲಾಲರು ಹಬ್ಬಿಸಿದ ಮಾತು.

ಅವನ ಕೆಲಸ ಏನೆಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಪಾಠ ಹೇಳಿದ ಅಭ್ಯಾಸ ಬಿಟ್ಟಿಲ್ಲ, ಓದುಗರು ಸಹಿಸಿಕೊಳ್ಳಬೇಕು. ಭದ್ರವಾದ ಎಕ್ಸ್‌ಟೆನ್ಷನ್ ಮಾಡುವವನ ಮೊದಲ ಪಾಠ, ಕೆಲಸಕ್ಕೆ ಬೇಕಾದಷ್ಟೇ ಪರವಾನಗಿ ಕೇಳುವುದು. ಫೋಟೊದ ಅಳತೆ ಇಳಿಸುವ ಯಂತ್ರಕ್ಕೆ ನಿಮ್ಮ ಬ್ಯಾಂಕಿನ ಪುಟ ಓದುವ ಹಕ್ಕು ಬೇಕಾಗಿಲ್ಲ. ಬಳಸುವವನು ಚಿತ್ರ ಒತ್ತಿದಾಗ, ಆ ಹೊತ್ತಿಗೆ ಎದುರಿಗಿರುವ ಪುಟಕ್ಕೆ ಮಾತ್ರ ಕೈಹಾಕುವ ಏರ್ಪಾಡು ಬ್ರೌಸರಿನಲ್ಲೇ ಇದೆ. ಒಳ್ಳೆಯ ಕೆಲಸಗಾರ ಅದನ್ನು ಬಳಸುತ್ತಾನೆ. ಹೊರಗಿನ ಸರ್ವರಿನಿಂದ ಕೋಡ್ ತರಿಸಿ ಓಡಿಸುವುದಿಲ್ಲ, ಯಾಕೆಂದರೆ ಇವತ್ತು ಪರೀಕ್ಷೆಗೆ ತೋರಿಸಿದ್ದು ಒಂದು, ನಾಳೆ ಒಳಗೆ ಬರುವುದು ಇನ್ನೊಂದು ಆಗಬಾರದು. ವೆಬ್ ಪುಟದಿಂದ ಬಂದ ಯಾವ ಸಂದೇಶವನ್ನೂ ಅದು ಎಲ್ಲಿಂದ ಬಂತೆಂದು ನೋಡದೆ ನಂಬುವುದಿಲ್ಲ. ಪಾಸ್‌ವರ್ಡನ್ನು ಬಿಚ್ಚುಬಿಚ್ಚಾಗಿ ಬರೆದಿಡುವುದಿಲ್ಲ. ತಾನು ಬಳಸುವ ಕೋಡಿನಲ್ಲಿ ಬಹುಪಾಲು ಬೇರೆಯವರು ಬರೆದು ಹಂಚಿದ ಕಂತೆಗಳಾದ್ದರಿಂದ ಅವುಗಳಲ್ಲಿ ಹುಳ ಬಿದ್ದಿದೆಯೇ ಎಂದು ಆಗಾಗ ಕೆದಕಿ ನೋಡುತ್ತಾನೆ. ನಮ್ಮ ಹೆಂಗಸರು ಮರದಲ್ಲಿ ಜೋಳ ಕೇರಿ ನೋಡುವಂತೆ. ಕೊನೆಗೆ, ಹೊಸ ಆವೃತ್ತಿಯನ್ನು ಒಬ್ಬನೇ ಕುಳಿತು ಹೊರಗೆ ಬಿಡದಂತೆ ಇಬ್ಬರು ನೋಡುವ ಕಟ್ಟು ಮಾಡುತ್ತಾನೆ.

ಇದೆಲ್ಲ ಗುಟ್ಟಿನ ವಿದ್ಯೆಯಲ್ಲ, ಪುಸ್ತಕಗಳಲ್ಲಿದೆ, ಬ್ರೌಸರ್ ಕಂಪನಿಗಳೇ ಬರೆದು ಪ್ರಕಟಿಸಿವೆ. ಹಾಗಾದರೆ ಯಾಕೆ ನಡೆಯುವುದಿಲ್ಲ? ವೇಳೆ ಬೇಕು ಅದಕ್ಕೆ. ಕೇರಿ ನೋಡುವುದಕ್ಕೆ ವೇಳೆ ಬೇಕು, ಇಬ್ಬರು ನೋಡಬೇಕಾದರೆ ಇಬ್ಬರಿಗೆ ಸಂಬಳ ಬೇಕು. ಧಣಿಗೆ ಬೇಕಾದ್ದು ಶುಕ್ರವಾರದೊಳಗೆ ಹೊಸ ಆವೃತ್ತಿ. ಕಡಿಮೆ ಪರವಾನಗಿ ಕೇಳಿದರೆ ಧಣಿಯ ಕೈಗೆ ಸಿಗುವ ಮಾಹಿತಿಯೂ ಕಡಿಮೆ. ಮಾಹಿತಿ ಮಾರಾಟದ ಮಾಲು. ಆದ್ದರಿಂದ ಹುಡುಗ 'ಇಷ್ಟು ಪರವಾನಗಿ ಬೇಡ ಸರ್' ಎಂದರೆ 'ಮುಂದೆ ಬೇಕಾಗುತ್ತದೆ, ಈಗಲೇ ಕೇಳಿಬಿಡು' ಎಂಬ ಉತ್ತರ ಬರುತ್ತದೆ. ಜಿನ್ನಿನ ಬೆಲ್ಟಿಗೆ ಜಾಲರಿ ಹಾಕಿ ಎಂದು ಕೇಳಿದ ಕಾಮಗಾರನಿಗೆ ಧಣಿಗಳು ಏನು ಹೇಳುತ್ತಿದ್ದರೋ, ಇದು ಅದರ ತಮ್ಮ.

ಜಾಲರಿಯ ಮಾತು ಬಂತು, ಅದನ್ನೇ ಹಿಡಿಯೋಣ. ಬೆಲ್ಟಿಗೆ ಸಿಕ್ಕು ಕೈ ಹೋದಾಗ 'ಕೆಲಸಗಾರ ಎಚ್ಚರದಿಂದ ಇರಬೇಕಿತ್ತು' ಎಂದು ಧಣಿಗಳು ಹೇಳಿ ಕೈತೊಳೆದುಕೊಂಡ ಕಾಲವಿತ್ತು. 1948ರ ಕಾರಖಾನೆ ಕಾಯಿದೆಯ 21ನೆಯ ಕಲಮು ಆ ಮಾತಿಗೆ ಉತ್ತರ ಕೊಟ್ಟಿತು: ಅಪಾಯದ ಯಂತ್ರಭಾಗಗಳಿಗೆ ಭದ್ರವಾದ ಬೇಲಿ ಹಾಕುವುದು ನಡೆಸುವವನ ಹೊಣೆ. ಎಚ್ಚರಿಕೆಯ ಫಲಕ ತೂಗುಹಾಕಿದರೆ ಸಾಲದು. ಇವತ್ತು ಗಣಕದ ವಿಷಯದಲ್ಲಿ ನಮಗೆ ಹೇಳುತ್ತಿರುವುದು ಮತ್ತೆ ಆ ಹಳೆಯ ಫಲಕದ ಮಾತೇ. ಎಚ್ಚರದಿಂದಿರಿ, ಗೊತ್ತಿಲ್ಲದ್ದನ್ನು ಒತ್ತಬೇಡಿ, ಓಟಿಪಿ ಹೇಳಬೇಡಿ, ಮೋಸ ಹೋದರೆ 1930ಕ್ಕೆ ಫೋನು ಮಾಡಿ. ಫೋನು ಮಾಡಲೇಬೇಕು, ತಡಮಾಡದೆ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿ ಎಲ್ಲಿ? ಬೇಲಿ ಹಾಕುವ ಹೊಣೆ ಯಾರದು?

ಎಚ್ಚರದ ಮಾತು ಎಷ್ಟು ಟೊಳ್ಳು ಎಂಬುದಕ್ಕೆ ಉದಾಹರಣೆ ಬೇಕಾದಷ್ಟಿವೆ. ಸೈಬರ್‌ಹೇವನ್ ಎಂಬ ಅಮೆರಿಕದ ಕಂಪನಿಯ ಕಸುಬೇ ಇತರ ಕಂಪನಿಗಳ ಮಾಹಿತಿ ಕಾಯುವುದು. 2024ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ದಿನ, ಅದರ ಒಬ್ಬ ನೌಕರನಿಗೆ ಗೂಗಲ್‌ನ ಎಕ್ಸ್‌ಟೆನ್ಷನ್ ಅಂಗಡಿಯಿಂದ ಬಂದಂತೆ ಕಾಣುವ ಒಂದು ಪತ್ರ ಬಂತು: ನಿಮ್ಮ ಎಕ್ಸ್‌ಟೆನ್ಷನ್ ನಿಯಮ ಮೀರಿದೆ, ಕೂಡಲೇ ಸರಿಪಡಿಸದಿದ್ದರೆ ತೆಗೆದುಹಾಕುತ್ತೇವೆ. ಆತ ಒತ್ತಿದ. ಎದುರಿಗೆ ಬಂದದ್ದು ಗೂಗಲ್‌ನದೇ ಆದ ಪರವಾನಗಿ ಪುಟ, ಕೇಳಿದವನು ಮಾತ್ರ ಕಳ್ಳ. ಎರಡು ಹಂತದ ಗುರುತು ಪರೀಕ್ಷೆ ಇದ್ದರೂ ಕೆಲಸಕ್ಕೆ ಬರಲಿಲ್ಲ. ಮರುದಿನ ಕಂಪನಿಯ ಹೆಸರಿನಲ್ಲೇ ವಿಷ ಬೆರೆತ ಆವೃತ್ತಿ ಹೊರಬಿದ್ದು, ಬಳಸುತ್ತಿದ್ದವರ ಬ್ರೌಸರುಗಳಿಗೆ ತಾನೇ ಹೋಗಿ ಕುಳಿತಿತು. ಅದರ ಬಳಕೆದಾರರು ಸುಮಾರು ನಾಲ್ಕು ಲಕ್ಷ. ಆಮೇಲೆ ಹುಡುಕಿದಾಗ ಅದೇ ಗುಂಪಿನವರು ಕೆಡಿಸಿದ ಎಕ್ಸ್‌ಟೆನ್ಷನ್‌ಗಳು ಮೂವತ್ತಕ್ಕೂ ಮೇಲೆ ಸಿಕ್ಕವು, ಬಳಸುತ್ತಿದ್ದವರು ಸುಮಾರು 26 ಲಕ್ಷ ಜನ. ಇಲ್ಲಿ ಬಳಕೆದಾರ ಮಾಡಿದ ತಪ್ಪೇನು? ಏನೂ ಇಲ್ಲ. ಕಾಯುವ ಕಂಪನಿಯ ನುರಿತ ನೌಕರನೇ ಹಬ್ಬದ ಹಿಂದಿನ ದಿನ ಬಂದ ಬೆದರಿಕೆ ಪತ್ರಕ್ಕೆ ಸಿಕ್ಕಿದ. ಅಂಗಡಿಯಿಂದ ಎತ್ತಿಹಾಕುತ್ತೇವೆ ಎಂಬ ಹೆದರಿಕೆ ಎಷ್ಟು ದೊಡ್ಡದೆಂಬುದು ಇದರಿಂದಲೇ ತಿಳಿಯುತ್ತದೆ. ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲಿ ಬದುಕುವವನ ಕೈಯಿಂದ ಏನನ್ನೂ ಒತ್ತಿಸಬಹುದು, ಇದು ಗಿರಣಿಯವರಿಗೆ ನಾವು ಹೇಳಿಕೊಡಬೇಕಾದ ಪಾಠವಲ್ಲ.

ಇದು ಕಳ್ಳರ ಕತೆಯಾಯಿತು. ಸಾಹುಕಾರರ ಕತೆ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಹಗಲಿನಲ್ಲಿ ನಡೆಯುತ್ತದೆ. ಗ್ರೇಟ್ ಸಸ್ಪೆಂಡರ್ ಎಂಬುದೊಂದು ಎಕ್ಸ್‌ಟೆನ್ಷನ್ ಇತ್ತು. ಬಳಸದೆ ಬಿಟ್ಟ ಪುಟಗಳನ್ನು ಮಲಗಿಸಿ ಗಣಕದ ಭಾರ ಕಡಿಮೆ ಮಾಡುವುದು ಅದರ ಕೆಲಸ. ಒಬ್ಬ ಮನುಷ್ಯ ಬಿಡುವಿನ ವೇಳೆಯಲ್ಲಿ ಕಟ್ಟಿ ಪುಕ್ಕಟೆ ಹಂಚಿದ್ದು. ಇಪ್ಪತ್ತು ಲಕ್ಷ ಜನ ಬಳಸುತ್ತಿದ್ದರು. ಅಷ್ಟು ಜನರ ದೂರು, ಬೇಡಿಕೆ, ರಿಪೇರಿ ಎಲ್ಲ ಒಬ್ಬನ ತಲೆಯ ಮೇಲೆ. 2020ರಲ್ಲಿ ಆತ ಅದನ್ನು ಮಾರಿದ. ಕೊಂಡವರು ಯಾರೆಂದು ಬಳಸುವವರಿಗೆ ಯಾರೂ ಹೇಳಲಿಲ್ಲ. 2021ರ ಫೆಬ್ರವರಿಯಲ್ಲಿ ಅದರಲ್ಲಿ ಕೆಟ್ಟ ಕೋಡ್ ಇದೆಯೆಂದು ಗೂಗಲ್ ತೆಗೆದುಹಾಕಿತು. ನಡುವಿನ ತಿಂಗಳುಗಳಲ್ಲಿ ಇಪ್ಪತ್ತು ಲಕ್ಷ ಜನರ ಪರವಾನಗಿ ಹೊಸ ಧಣಿಯ ಕೈಯಲ್ಲಿ! ಜಮೀನಿನ ಜೊತೆ ಜೀತದಾಳನ್ನೂ ಸೇರಿಸಿ ಮಾರುತ್ತಿದ್ದರೆಂದು ಓದಿದ್ದೇವೆ. ಇದು ಅದಕ್ಕಿಂತ ಹಗುರವೆಂದು ಯಾರು ಹೇಳಬೇಕು? ನಿಮ್ಮ ಒಪ್ಪಿಗೆಯನ್ನು ಒಬ್ಬನಿಗೆ ಕೊಟ್ಟಿರಿ, ಅದು ನಿಮಗೆ ಗೊತ್ತಿಲ್ಲದಂತೆ ಬೇರೊಬ್ಬನಿಗೆ ಬಿಕರಿಯಾಯಿತು. ಹೊಸ ಪರವಾನಗಿ ಕೇಳದಿದ್ದರೆ ಹೊಸ ಆವೃತ್ತಿ ಸದ್ದಿಲ್ಲದೆ ಬಂದು ಕೂರುತ್ತದೆ, ಅದು ಬ್ರೌಸರಿನ ಕಟ್ಟಳೆ.

ಅವಾಸ್ಟ್ ಎಂಬ ಕಂಪನಿ ವೈರಸ್ ಹಿಡಿಯುವ ತಂತ್ರಾಂಶಕ್ಕೆ ಹೆಸರುವಾಸಿ, ನಮ್ಮ ಊರಿನ ಎಷ್ಟೋ ಗಣಕಗಳಲ್ಲೂ ಇತ್ತು. ನಿಮ್ಮ ಬೆನ್ನು ಹತ್ತುವವರನ್ನು ತಡೆಯುತ್ತೇವೆ ಎಂದು ಹೇಳಿಕೊಂಡೇ ಅದು ತನ್ನ ಎಕ್ಸ್‌ಟೆನ್ಷನ್ ಮತ್ತು ತಂತ್ರಾಂಶದ ಮೂಲಕ ಜನ ಯಾವ ಯಾವ ಪುಟ ನೋಡಿದರೆಂಬುದನ್ನು ಕೂಡಿಹಾಕಿ, ಜಂಪ್‌ಶಾಟ್ ಎಂಬ ತನ್ನ ಮರಿ ಕಂಪನಿಯ ಮೂಲಕ ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ತೆರಿಸುವ ಆದೇಶ ಹೊರಡಿಸಿತು. ಮನೆ ಕಾಯಲಿಕ್ಕೆ ಇಟ್ಟ ವಾಚಮನ್ನನು ಮನೆಗೆ ಯಾರು ಬಂದರು ಹೋದರೆಂಬ ಪಟ್ಟಿ ಬರೆದು ಬಜಾರಿನಲ್ಲಿ ಮಾರಿದ ಹಾಗೆ.

ಇನ್ನು ಹನಿ. ಹೆಸರು ಜೇನು. ಆನ್‌ಲೈನ್ ಅಂಗಡಿಗಳಲ್ಲಿ ರಿಯಾಯಿತಿ ಕೂಪನ್ ಹುಡುಕಿ ಕೊಡುವ ಎಕ್ಸ್‌ಟೆನ್ಷನ್. 2020ರ ಆರಂಭದಲ್ಲಿ ಪೇಪಾಲ್ ಕಂಪನಿ ಇದನ್ನು ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಪುಕ್ಕಟೆ ಹಂಚುವ ವಸ್ತುವಿಗೆ 400 ಕೋಟಿ ಡಾಲರ್ ಯಾಕೆ ಎಂದು ಗಂಜಿನ ಯಾವ ಹುಡುಗನಾದರೂ ಕೇಳುತ್ತಾನೆ. ಆನ್‌ಲೈನ್ ವ್ಯಾಪಾರದಲ್ಲಿ ಗಿರಾಕಿಯನ್ನು ಕಳಿಸಿಕೊಟ್ಟವನಿಗೆ ಅಂಗಡಿ ದಲಾಲಿ ಕೊಡುತ್ತದೆ. ಕೊನೆಗೆ ಯಾರ ಗುರುತು ಬಿದ್ದಿದೆಯೋ ಅವನಿಗೇ ದಲಾಲಿ ಎಂಬುದು ಅಲ್ಲಿನ ರೂಢಿ. ಹನಿಯು ರೊಕ್ಕ ಕೊಡುವ ಕೊನೆಯ ಗಳಿಗೆಯಲ್ಲಿ ತನ್ನ ಗುರುತು ಒತ್ತಿ, ಗಿರಾಕಿಯನ್ನು ನಿಜವಾಗಿ ಕರೆತಂದವನ ದಲಾಲಿ ತಾನು ಎತ್ತಿಕೊಳ್ಳುತ್ತದೆಂದು 2024ರ ಡಿಸೆಂಬರಿನಲ್ಲಿ ಒಬ್ಬ ಯೂಟ್ಯೂಬಿನವನು ಆರೋಪ ಹೊರಿಸಿದ. ಮೊಕದ್ದಮೆಗಳು ದಾಖಲಾದವು. ಉದ್ಯಮದ ರೂಢಿಯಂತೆಯೇ ನಡೆದಿದ್ದೇವೆ ಎಂದು ಪೇಪಾಲ್ ಹೇಳಿತು. 2025ರ ಮಾರ್ಚಿನಲ್ಲಿ ಗೂಗಲ್ ತನ್ನ ಎಕ್ಸ್‌ಟೆನ್ಷನ್ ಅಂಗಡಿಯ ನಿಯಮ ಬಿಗಿ ಮಾಡಿ, ಬಳಸುವವನಿಗೆ ನೇರ ಲಾಭವಿಲ್ಲದೆ ಇಂಥ ಗುರುತು ಸೇರಿಸಕೂಡದೆಂದಿತು. ಹಳ್ಳಿಯಿಂದ ಹತ್ತಿಯ ಗಾಡಿಯನ್ನು ಮಾತಾಡಿಸಿ ತಂದವನು ಒಬ್ಬ; ಗಂಜಿನ ಗೇಟಿನಲ್ಲಿ ಗಾಡಿಯ ಮೇಲೆ ಸುಣ್ಣದ ಗುರುತು ಹಾಕಿ ದಲಾಲಿ ಕೇಳುವವನು ಇನ್ನೊಬ್ಬ. ಆರೋಪದ ತಿರುಳು ಇಷ್ಟೇ. 'ರೂಢಿ' ಎಂಬ ಉತ್ತರವೂ ನಮ್ಮ ಗಂಜಿನಲ್ಲಿ ಕೇಳಿ ಕೇಳಿ ಹಳೆಯದಾದದ್ದು.

ಈ ಎಲ್ಲಕ್ಕೂ ಮೇಲೆ ಬಾಗಿಲಿನ ಧಣಿ ಗೂಗಲ್. ಅದು ಎಕ್ಸ್‌ಟೆನ್ಷನ್‌ಗಳಿಗೆ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಕಟ್ಟಳೆ ತಂದು, 2024 ಮತ್ತು 2025ರಲ್ಲಿ ಕ್ರೋಮ್‌ನಿಂದ ಹಳೆಯ ಕಟ್ಟಳೆಯವನ್ನು ಹಂತಹಂತವಾಗಿ ನಿಲ್ಲಿಸಿತು. ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಒಳ್ಳೆಯದಿದೆ. ಹೊರಗಿನಿಂದ ಕೋಡ್ ತರಿಸಿ ಓಡಿಸುವುದನ್ನು ಅದು ನಿಷೇಧಿಸಿತು, ಅದು ನಾವು ಮೇಲೆ ಹೇಳಿದ ಬೇಲಿಯೇ. ಆದರೆ ಅದೇ ಬೇಲಿಯೊಳಗೆ ಸೇರಿ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಯಂತ್ರವೂ ಕ್ರೋಮ್‌ನಿಂದ ಹೊರಬಿತ್ತು. ಕೋಟಿಗಟ್ಟಲೆ ಜನ ಬಳಸುತ್ತಿದ್ದ, ಮಾಡಿದವನು ಯಾರಿಂದಲೂ ದೇಣಿಗೆ ಕೂಡ ಪಡೆಯದ ವಸ್ತು ಅದು. ಕೈಕಾಲು ಕಡಿಮೆಯಾದ ಅದರ ತಮ್ಮನೊಬ್ಬ ಅಲ್ಲಿ ಉಳಿದಿದ್ದಾನೆ. ಫೈರ್‌ಫಾಕ್ಸ್‌ನಲ್ಲಿ ಹಳೆಯದು ಪೂರ್ತಿಯಾಗಿ ನಡೆಯುತ್ತದೆ. ಗೂಗಲ್‌ನ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ ಎಂಬುದನ್ನು ನೆನಪಿಟ್ಟುಕೊಂಡು ಓದುಗರು ತಾವೇ ಯೋಚಿಸಲಿ. ಭದ್ರತೆಗೆ ಹಾಕಿದ ಬೇಲಿ ಯಾವ ಕಡೆ ಬಾಗಬೇಕೆಂಬುದನ್ನು ಬೇಲಿಯ ಧಣಿಯೇ ನಿರ್ಧರಿಸಿದರೆ ಹೀಗಾಗುತ್ತದೆ. ಹುಡುಕಾಟದ ವ್ಯಾಪಾರದಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ಅಮೆರಿಕದ ನ್ಯಾಯಾಲಯವೇ 2024ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಶಿಕ್ಷೆ ಹೇಳುವಾಗ ಮಾತ್ರ ಕ್ರೋಮನ್ನು ಮಾರಬೇಕಾಗಿಲ್ಲವೆಂದಿತು. ದೊಡ್ಡವರ ತಪ್ಪಿಗೆ ಸಣ್ಣ ಶಿಕ್ಷೆ ಎಂಬುದು ಸಮುದ್ರದಾಚೆಗೂ ಇರುವ ಪದ್ಧತಿಯೆಂದಾಯಿತು.

ನಮ್ಮ ದೇಶದ ಕಾಯಿದೆ ಏನು ಹೇಳುತ್ತದೆ? 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂತು. ನಿಯಮಗಳು ಹೊರಬೀಳಲು 2025ರ ನವೆಂಬರ್ ಬೇಕಾಯಿತು. ಬಂದಮೇಲೂ ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು. ಕೂಲಿಯವನಿಗೆ ಬಾಡಿಗೆ ಕಟ್ಟಲು ಹದಿನೆಂಟು ದಿನ ಕೊಡದ ಲೋಕ ಇದು. ಮೇಲಾಗಿ ಸರಕಾರವು ತನಗೆ ಬೇಕಾದ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಬಾಗಿಲನ್ನು ಅದೇ ಕಾಯಿದೆಯಲ್ಲಿ ತೆರೆದಿಟ್ಟುಕೊಂಡಿದೆ. ಆದರೂ ಅದರಲ್ಲಿ ನಮ್ಮ ಕೈಗೆ ಸಿಗುವ ಒಂದು ಹಿಡಿ ಇದೆ, ಅದನ್ನು ಬಿಡಬಾರದು. ಒಪ್ಪಿಗೆ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕೆಂದು ಕಾಯಿದೆ ಹೇಳಿದೆ. ಆ ಪರಿಚ್ಛೇದದಲ್ಲಿ ಕನ್ನಡವಿದೆ. ಕನ್ನಡದಲ್ಲಿ ನಿಮ್ಮ ಬ್ಯಾಂಕಿನ ಪುಟವನ್ನು ಓದುತ್ತೇವೆ, ಬದಲಿಸುತ್ತೇವೆ ಎಂದು ದಪ್ಪಕ್ಷರದಲ್ಲಿ ಬರೆದು ಕೇಳಲಿ, ಆಗ ದೇವದುರ್ಗದ ಸೆಂಟರಿನ ಹುಡುಗನೂ ಒತ್ತುವ ಮೊದಲು ಬೆರಳು ಹಿಂದೆ ತೆಗೆಯುತ್ತಾನೆ.

ವ್ಯಾಪಾರಸ್ಥರಿಗೆ ಮಾಹಿತಿಯ ಬೆಲೆ ನಾವು ಹೇಳಿಕೊಡಬೇಕಾಗಿಲ್ಲ. 2025ರ ಜುಲೈ ನೆನಪಿರಬೇಕು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ಅಂಗಡಿಯವರಿಗೆ, ತರಕಾರಿ ಮಾರುವವರಿಗೆ ಕೂಡ ನೋಟೀಸು ಕಳಿಸಿತು. ಕ್ಯೂಆರ್ ಫಲಕಗಳು ರಾತ್ರೋರಾತ್ರಿ ಮಾಯವಾಗಿ 'ನಗದು ಮಾತ್ರ' ಎಂಬ ರಟ್ಟಿನ ತುಂಡುಗಳು ಬಂದವು. ಪ್ರತಿಭಟನೆಯಾದ ಮೇಲೆ ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಸಭೆ ಕೂತು ಸಡಿಲ ಮಾಡಬೇಕಾಯಿತು. ತನ್ನ ವ್ಯವಹಾರದ ಚೀಟಿ ತನಗೆ ತಿಳಿಯದಂತೆ ಇನ್ನೊಬ್ಬರ ಕೈಗೆ ಹೋದರೆ ಏನಾಗುತ್ತದೆಂದು ಆ ತಿಂಗಳು ಪ್ರತಿ ಚಹಾದಂಗಡಿಗೂ ಗೊತ್ತಾಯಿತು. ಸರಕಾರ ನೋಡಿದರೆ ರಸ್ತೆಗಿಳಿದಿರಿ. ಸಾವಿರ ಮೈಲಿ ಆಚೆಯ ಹೆಸರಿಲ್ಲದ ಕಂಪನಿ ನೋಡಿದರೆ ಸುಮ್ಮನಿರಬೇಕೆ?

ನಮ್ಮ ಬೇಡಿಕೆ ಕಷ್ಟದ್ದಲ್ಲ. ಎಕ್ಸ್‌ಟೆನ್ಷನ್ ಕೈ ಬದಲಾದರೆ ಹಳೆಯ ಪರವಾನಗಿ ಅಲ್ಲಿಗೇ ರದ್ದಾಗಬೇಕು. ಹೊಸ ಧಣಿ ತನ್ನ ಹೆಸರು ಹೇಳಿ ಮತ್ತೆ ಕೇಳಲಿ. ವಿಷ ಬೆರೆತ ಆವೃತ್ತಿ ಹೊರಬಂದಾಗ ನಷ್ಟವನ್ನು ಒತ್ತಿದ ನೌಕರನ ಸಂಬಳದಿಂದಾಗಲಿ ಬಳಸಿದ ಬಡವನ ಖಾತೆಯಿಂದಾಗಲಿ ಅಲ್ಲ, ಅಂಗಡಿ ನಡೆಸುವವನ ತಿಜೋರಿಯಿಂದ ತುಂಬಬೇಕು. ಸರಕಾರದ ಪುಟಗಳಲ್ಲಿ ಕೆಲಸ ಮಾಡಲು ಜನ ಹೊರಗಿನ ಉಪಕರಣ ಹಚ್ಚಿಕೊಳ್ಳಬೇಕಾದರೆ ಅದರ ಕೋಡನ್ನು ಬಲ್ಲವರೆಲ್ಲ ನೋಡುವಂತೆ ಬಯಲಿಗಿಡಬೇಕು. ಈಗಾಗಲೇ ಜಿಎಸ್‌ಟಿ ಪುಟದಲ್ಲಿ ಡಿಜಿಟಲ್ ಸಹಿ ಹಾಕುವ ಕಂಪನಿಗಳು ಬೆಂಗಳೂರಿನ ಇಮುದ್ರ ಸಂಸ್ಥೆಯ ಎಮ್‌ಸೈನರ್ ಎಂಬ ತಂತ್ರಾಂಶವನ್ನು ಗಣಕದಲ್ಲಿ ಹಾಕಿಕೊಳ್ಳಬೇಕಾಗಿದೆ. ಇಂಥ ಕೆಲಸಕ್ಕೆ ಬೇಕಾದ ಬುದ್ಧಿ ನಮ್ಮ ರಾಜ್ಯದಲ್ಲೇ ಇದೆ ಎಂಬುದಕ್ಕೆ ಸಾಕ್ಷಿ ಬೇಕಾಗಿಲ್ಲ. ಅಲ್ಲಿಯವರೆಗೆ ಸೆಂಟರಿಗೆ ಹೋದವರು ಒಂದು ಮಾತು ಕೇಳಬಹುದು: ನನ್ನ ಕೆಲಸವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ಮಾಡಪ್ಪ. ಬೇರೆ ಹೇಳದ ಹೊರತು ಅಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ. ಹುಡುಗ ಗೊಣಗಿದರೆ ಗೊಣಗಲಿ.

ಕಾಯಿದೆಯೊಂದರಿಂದಲೇ ಆಗುವುದಲ್ಲ. ಬೆಲ್ಟಿನ ಜಾಲರಿ ಕಾಯಿದೆಯ ಪುಸ್ತಕದಲ್ಲಿದ್ದರೂ ಗಿರಣಿಯಲ್ಲಿ ಅದು ಇದೆಯೋ ಇಲ್ಲವೋ ಎಂದು ನೋಡಿದವರು ಸಂಘದವರು. ಗಣಕದ ಬೇಲಿ ಬಿಗಿಯಿದೆಯೋ ಎಂದು ಒಳಗಿನಿಂದ ಹೇಳಬಲ್ಲವನು ಇಂಜಿನಿಯರನೊಬ್ಬನೇ. ಆದರೆ ಹೇಳಿದರೆ ಕೆಲಸ ಉಳಿಯುತ್ತದೆಯೇ? ಕರ್ನಾಟಕ ಸರಕಾರವು ಐಟಿ ಕಂಪನಿಗಳನ್ನು 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಹೊರಗಿಟ್ಟು, ಆ ವಿನಾಯಿತಿಯನ್ನು 2014ರಲ್ಲಿ, 2019ರಲ್ಲಿ, 2024ರಲ್ಲಿ ಎಳೆಯುತ್ತ ಬಂತು. ಯಾವ ತಪ್ಪಿಗೆ ಯಾವ ಶಿಕ್ಷೆ, ಯಾವ ವಿಚಾರಣೆ ಎಂದು ಬರೆದಿಡುವುದೇ ಆ ಕಾಯಿದೆಯ ಕೆಲಸವಾಗಿತ್ತು. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಜಾರಿಯಾದವು. ಕಂಪನಿಗಳು ಅದರಲ್ಲೂ ಹುಡುಗರನ್ನು 'ಅಸೋಸಿಯೇಟ್' ಎಂದೋ 'ಮ್ಯಾನೇಜರ್' ಎಂದೋ ಕರೆದು ಹೊರಗಿಡಲು ದಾರಿ ಹುಡುಕದೆ ಬಿಡುವುದಿಲ್ಲ. ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಯುವಕರಿಗೆ ಉಪದೇಶ ಮಾಡಿದರು. ಮರುವರ್ಷದ ಜುಲೈಯಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಸರಕಾರದ ಮುಂದೆ ಬಂತು. ಹದಿನಾಲ್ಕನೆಯ ಗಂಟೆಯಲ್ಲಿ ಬರೆದ ಕೋಡಿನಲ್ಲಿ ಎಷ್ಟು ತೂತಿರುತ್ತದೆಂದು ಹೇಳಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ರಾತ್ರಿ ಪಾಳಿಯಲ್ಲಿ ಯಂತ್ರ ನಡೆಸಿದ ಯಾರನ್ನಾದರೂ ಕೇಳಿ. ಆ ಪ್ರಸ್ತಾಪದ ವಿರುದ್ಧ ಬೀದಿಗಿಳಿದದ್ದು 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ. ಕಿಟು ಎಂದು ಅದನ್ನು ಕರೆಯುತ್ತಾರೆ. ಸಂಖ್ಯೆ ಇನ್ನೂ ಸಣ್ಣದು, ಕಾರಣ ನಮ್ಮ ಹುಡುಗರಲ್ಲೇ ಬಹುಮಂದಿಗೆ ಸಂಘವೆಂದರೆ ಹಮಾಲರದ್ದು, ಗಿರಣಿಯವರದ್ದು ಎಂಬ ನಾಚಿಕೆ.

ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಎರಡು ಬಗೆಯ ಜನ ಹೋಗುತ್ತಾರೆ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿದ ದೇವದುರ್ಗದಿಂದ ಮಳೆ ಕೈಕೊಟ್ಟ ವರ್ಷ ಕುಟುಂಬಕ್ಕೆ ಕುಟುಂಬವೇ ಗುಳೆ ಹೋಗಿ ಅಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತದೆ. ಅದೇ ಜಿಲ್ಲೆಯ ಓದಿದ ಹುಡುಗ ಆ ಕಟ್ಟಡದ ಒಳಗೆ ಕುಳಿತು ಕೋಡ್ ಬರೆಯುತ್ತಾನೆ. ಇಟ್ಟಿಗೆ ಹೊತ್ತವಳಿಗೆ ಕಟ್ಟಡದಲ್ಲಿ ಪಾಲಿಲ್ಲ, ಕೀಲಿ ಮಾಡಿದವನಿಗೆ ಕೀಲಿಕೈಯಲ್ಲಿ ಪಾಲಿಲ್ಲ. ಇಬ್ಬರೂ ಒಂದೇ ರೈಲಿನಲ್ಲಿ ಹೋದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಬೋಗಿ ಬೇರೆ. ರಾಯಚೂರಿಗೆ ಐಐಐಟಿ ಬಂತು, ಒಳ್ಳೆಯದೇ ಆಯಿತು. ಅಲ್ಲಿ ಕೋಡಿನ ಭದ್ರತೆ ಕಲಿತು ಹೊರಬರುವ ಹುಡುಗ ಹುಡುಗಿಯರು ನಮ್ಮ ಬೀದಿಯ ಸೆಂಟರುಗಳ ಗಣಕಗಳನ್ನು ಒಮ್ಮೆ ತೆರೆದು ನೋಡಿ, ಅಲ್ಲಿ ಏನೇನು ಕೂತಿದೆಯೆಂದು ಊರಿನವರಿಗೆ ಕನ್ನಡದಲ್ಲಿ ಹೇಳಿದರೆ ಅದಕ್ಕಿಂತ ದೊಡ್ಡ ಪ್ರಾಜೆಕ್ಟು ಬೇರೆ ಬೇಡ.

ದೀಪಾವಳಿಗೋ ಊರ ಜಾತ್ರೆಗೋ ಮಾನ್ವಿಗೆ, ದೇವದುರ್ಗಕ್ಕೆ ಈ ಹುಡುಗರು ಬರುತ್ತಾರೆ. ಬಂದಾಗ ಪ್ಯಾಕೇಜು ಎಷ್ಟು, ಮದುವೆ ಯಾವಾಗ ಎಂದು ಕೇಳುವುದನ್ನು ಒಂದು ಗಳಿಗೆ ಬದಿಗಿಟ್ಟು, 'ತಮ್ಮಾ, ನೀ ಮಾಡಿದ ಯಂತ್ರ ನಮ್ಮಿಂದ ಏನೇನು ಪರವಾನಗಿ ಕೇಳತದ? ಬ್ಯಾಡ ಅಂತ ನಿನ್ನ ಸಾಹೇಬಗ ಹೇಳಿದ್ಯೇನು? ನಿನ್ನ ಸಂಘ ಯಾವುದು?' ಎಂದು ಗಿರಣಿಯ ಹಿರಿಯರು ಕೇಳಲಿ. ಸಂಘ ಇಲ್ಲವೆಂದರೆ ಮುಂದಿನ ಭಾನುವಾರ ಗಿರಣಿ ಸಂಘದ ಚಾವಡಿಗೆ ಕರೆದುಕೊಂಡು ಬನ್ನಿ.